ಒಂದೇ ಮಸಿ ಸಾಕು

ಪತ್ರಿಕೆ ಮಾಡಲು ಹೊರಟವರು ಮೊದಲು ಆರಿಸಬೇಕಾದದ್ದು ಕಾಗದ. ಅಕ್ಷರ, ಚಿತ್ರ, ಬಣ್ಣ ಎಲ್ಲ ಆಮೇಲಿನ ಮಾತು. ಪುಟ ಕಟ್ಟುವ ಕೆಲಸದಲ್ಲೇ ತಲೆ ನರೆತ ನನಗೆ ಈ ವಿಷಯದಲ್ಲಿ ಅನುಮಾನವೇ ಇಲ್ಲ. ನಾನು ಬೆಳೆದದ್ದು ಭದ್ರಾವತಿಯ ಕಾಗದನಗರದಲ್ಲಿ. ಊರವರ ಬಾಯಲ್ಲಿ ಅದು ಪೇಪರ್ ಟೌನ್. ಅಪ್ಪ ಮೈಸೂರು ಪೇಪರ್ ಮಿಲ್ಸಿನಲ್ಲಿ ಕೆಲಸಕ್ಕಿದ್ದರು. ದಿನಪತ್ರಿಕೆ ಓದಿ ಮುಗಿಸಿದ ಮೇಲೆ ಅದರ ಒಂದು ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿದು ತೋರಿಸುತ್ತಿದ್ದರು. ನೆಟ್ಟಗೆ ಹರಿಯುತ್ತಿತ್ತು. ಅಡ್ಡಕ್ಕೆ ಹರಿದರೆ ಅಂಕುಡೊಂಕು. ಮಶೀನಿನ ಮೇಲೆ ತಿರುಳು ಓಡುವಾಗ ನಾರುಗಳೆಲ್ಲ ಓಟದ ದಿಕ್ಕಿಗೆ ಮಲಗಿಬಿಡುತ್ತವೆ, ಹರಿಯುವುದೂ ಮಡಚುವುದೂ ಆ ದಿಕ್ಕಿಗೇ ಸಲೀಸು. "ಕಾಗದ ಎತ್ತ ಹೋಗುತ್ತೆ ಅಂತ ಮೊದಲು ನೋಡ್ಕೋ, ಆಮೇಲೆ ಕೈ ಹಾಕು" ಎನ್ನುತ್ತಿದ್ದರು. ಈಗಲೂ ಯಾವ ಹಾಳೆ ಕೈಗೆ ಬಂದರೂ ಅದರ ಮೂಲೆಯನ್ನು ಸ್ವಲ್ಪ ಹರಿದು ನೋಡದೆ ನಾನು ಕೆಲಸ ಶುರು ಮಾಡುವುದಿಲ್ಲ.

ಅಕ್ಕನ ಮಗಳು ಬೆಂಗಳೂರಿನಲ್ಲಿ ಡಿಸೈನ್ ಓದುತ್ತಿದ್ದಾಳೆ. ಅವಳಿಗೆ ಕೊಟ್ಟಿರುವ ಪ್ರಾಜೆಕ್ಟು, ಬ್ರಿಟನ್ನಿನ ಹಳೆಯ ಯುವಜನರ ಪಂಗಡವೊಂದನ್ನು ಆರಿಸಿಕೊಂಡು ಅದರ ಸುತ್ತ ಒಂದು ಸಂಗೀತ ಪತ್ರಿಕೆಯನ್ನು ಮುಖಪುಟದಿಂದ ಹಿಂಬದಿಯ ರಕ್ಷಾಪುಟದವರೆಗೂ ವಿನ್ಯಾಸ ಮಾಡುವುದು. ಟೆಡ್ಡಿ ಬಾಯ್, ಮಾಡ್, ರಾಕರ್, ಪಂಕ್, ಹೀಗೆ ಅಲ್ಲಿ ಒಂದೊಂದು ಪಂಗಡಕ್ಕೂ ಅದರದೇ ಬಟ್ಟೆ, ಅದರದೇ ತಲೆಗೂದಲು, ಅದರದೇ ಹಾಡು. ಇವಳು ಆರಿಸಿಕೊಂಡದ್ದು ಮಾಡ್. ರಜೆಗೆ ಭದ್ರಾವತಿಗೆ ಬಂದವಳು ಕಾಫಿ ಕುಡಿಯುವ ಮೊದಲೇ ಲ್ಯಾಪ್‌ಟಾಪ್ ತೆರೆದಳು. ಮುಖಪುಟದಲ್ಲಿ ಮಾಡ್ ಹುಡುಗರ ಗುರುತಾದ ಕೆಂಪು, ಬಿಳಿ, ನೀಲಿ ವೃತ್ತಗಳ ಗುರಿಹಲಗೆ. ಒಳಗೆ ಮಿರಮಿರ ಮಿಂಚುವ ವೆಸ್ಪಾ ಸ್ಕೂಟರುಗಳು. ಆರ್ಟ್ ಪೇಪರಿನಲ್ಲಿ ನಾಲ್ಕು ಬಣ್ಣದ ಮುದ್ರಣ ಎಂದು ಕೆಳಗೆ ಬರೆದಿದ್ದಳು.

"ಹೇಗಿದೆ ಮಾವ?"

"ನೋಡೋಕೆ ಚೆನ್ನಾಗಿದೆ. ಇದರೊಳಗೆ ಹಾಡು ಎಲ್ಲಿದೆ ಪುಟ್ಟೀ?"

ಅವಳಿಗೆ ಸಿಟ್ಟು ಬಂತು. ಬರಲಿ. ಆ ವೃತ್ತವನ್ನು ಈಗ ಟೀ ಶರ್ಟಿನ ಮೇಲೂ ಕಾಫಿ ಕಪ್ಪಿನ ಮೇಲೂ ಅಚ್ಚು ಹಾಕಿ ಮಾರುತ್ತಾರೆ. ಅದನ್ನೇ ತಂದು ಮುಖಪುಟಕ್ಕೆ ಅಂಟಿಸಿದರೆ ಅಂಗಡಿಯ ಸರಕು ಪುಟಕ್ಕೆ ಬಂತೇ ಹೊರತು ಆ ಹುಡುಗರ ಬದುಕು ಬರಲಿಲ್ಲ. ಅವರು ಯಾರು ಅಂತ ಮೊದಲು ನೋಡೋಣ ಎಂದೆ. ಇಬ್ಬರೂ ಕೂತು ಓದಿದೆವು, ಹಾಡು ಕೇಳಿದೆವು.

1950ರ ದಶಕದ ಕೊನೆಗೆ ಲಂಡನ್ನಿನಲ್ಲಿ ಹುಟ್ಟಿದ ಗುಂಪು ಅದು. ಕಚೇರಿಯ ಗುಮಾಸ್ತರು, ಅಂಗಡಿಯಲ್ಲಿ ಸಾಮಾನು ಕಟ್ಟುವವರು, ಕಾರ್ಖಾನೆಗೆ ಹೋಗುವ ಹುಡುಗರು. ವಾರದ ಬಟವಾಡೆ ಕೈಗೆ ಬಿದ್ದರೆ ಇಟಲಿಯ ಮಾದರಿಯ ಸೂಟು ಹೊಲಿಸುವುದು, ಕಂತಿನ ಮೇಲೆ ವೆಸ್ಪಾ ಅಥವಾ ಲ್ಯಾಂಬ್ರೆಟಾ ಕೊಳ್ಳುವುದು, ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ ಮತ್ತು ಜಮೈಕಾದ ಸ್ಕಾ ಕೇಳುತ್ತ ರಾತ್ರಿಯಿಡೀ ಕುಣಿಯುವುದು. 1964ರಲ್ಲಿ ಇಂಗ್ಲೆಂಡಿನ ಕಡಲತೀರದ ಊರುಗಳಲ್ಲಿ ಮೋಟಾರ್‌ಸೈಕಲ್ಲಿನ ರಾಕರ್‌ಗಳಿಗೂ ಇವರಿಗೂ ಮಾರಾಮಾರಿಯಾಗಿ ದೇಶವೆಲ್ಲ ಸುದ್ದಿಯಾಯಿತು. ಆ ದಶಕ ಮುಗಿಯುವ ಹೊತ್ತಿಗೆ ಅಲೆ ಇಳಿಯಿತು. ದಿ ಹೂ ತಂಡ ಆ ಕಾಲವನ್ನು ನೆನೆದು 1973ರಲ್ಲಿ ಕ್ವಾಡ್ರೊಫೀನಿಯಾ ಎಂಬ ಆಲ್ಬಮ್ ಮಾಡಿತು. 1979ರಲ್ಲಿ ಅದು ಸಿನಿಮಾ ಆಗಿ ಬಂದಾಗ ಹೊಸ ತಲೆಮಾರಿನ ಹುಡುಗರು ಅಣ್ಣಂದಿರ ಸೂಟನ್ನು ಮತ್ತೆ ತೊಟ್ಟರು.

ಲ್ಯಾಂಬ್ರೆಟಾ ನಮಗೇನೂ ಪರದೇಶಿಯಲ್ಲ. ಮುಂಬಯಿಯ ಕಂಪನಿಯೊಂದು ಅದನ್ನು ನಮ್ಮಲ್ಲಿಯೇ ತಯಾರಿಸುತ್ತಿತ್ತು. ಇಟಲಿಯಲ್ಲಿ ಅದರ ತಯಾರಿಕೆ ನಿಂತಾಗ, 1972ರಲ್ಲಿ, ಅದರ ಯಂತ್ರಗಳನ್ನು ಭಾರತ ಸರ್ಕಾರವೇ ಕೊಂಡು ಲಖನೌಗೆ ತಂದಿತು. ಅಲ್ಲಿಂದ ಬಂದದ್ದೇ ವಿಜಯ್ ಸೂಪರ್. ನಮ್ಮ ಮಿಲ್ಲಿನ ಸ್ಕೂಟರ್ ಸ್ಟ್ಯಾಂಡಿನಲ್ಲಿ ಬಜಾಜಿನ ಪಕ್ಕ ವಿಜಯ್ ಸೂಪರ್ ನಿಂತಿರುವುದನ್ನು ನಾನು ದಿನವೂ ನೋಡಿದ್ದೇನೆ. ಒಂದು ಪಕ್ಕಕ್ಕೆ ವಾಲಿಸಿ ಕಿಕ್ ಹೊಡೆದರಷ್ಟೇ ಸ್ಟಾರ್ಟ್ ಆಗುವ ಸ್ಕೂಟರಿಗೆ ಭಾನುವಾರ ಬೆಳಿಗ್ಗೆ ಸೀಮೆಎಣ್ಣೆ ಹಾಕಿ ಒರೆಸಿ ಹೊಳಪಿಸುವ ಶ್ರದ್ಧೆ ಇತ್ತಲ್ಲ, ಲಂಡನ್ನಿನ ಆ ಹುಡುಗರಿಗೂ ಇದ್ದದ್ದು ಅದೇ ಶ್ರದ್ಧೆ. ಕಾರ್ಖಾನೆಯೊಳಗೆ ಎಣ್ಣೆ, ಮಸಿ, ಸೈರನ್ನು. ಹೊರಗೆ ಬಂದ ಮೇಲೆ ಮೈಮೇಲೆ ಒಂದು ಸುಕ್ಕಿಲ್ಲದ ಬಟ್ಟೆ. ಇದನ್ನು ಶೋಕಿ ಎಂದು ತಳ್ಳಿಹಾಕುವವರ ಜೊತೆ ನಾನು ಜಗಳಕ್ಕೆ ಸಿದ್ಧ. ದಿನಕ್ಕೆ ಎಂಟು ಗಂಟೆ ಇನ್ನೊಬ್ಬರ ಯಂತ್ರಕ್ಕೆ ಕೊಟ್ಟವನು ಉಳಿದ ಹೊತ್ತಿನಲ್ಲಿ ತಾನು ಹೇಗೆ ಕಾಣಬೇಕೆಂದು ತಾನೇ ತೀರ್ಮಾನಿಸುತ್ತಾನೆ, ಅಷ್ಟೇ.

ಹೀಗೆ ಓದುತ್ತ ಓದುತ್ತ ನಾವು ಲಂಡನ್ ಬಿಟ್ಟು ಕಾವೆಂಟ್ರಿಗೆ ಹೋಗಿ ಮುಟ್ಟಿದೆವು. ನಮ್ಮ ಪತ್ರಿಕೆ ಸಿಕ್ಕಿದ್ದು ಅಲ್ಲಿ.

ಕಾವೆಂಟ್ರಿ ಇಂಗ್ಲೆಂಡಿನ ನಡುಭಾಗದ ಊರು. ಮೊದಲು ಸೈಕಲ್, ಆಮೇಲೆ ಕಾರು ಮಾಡಿ ಬದುಕಿದ ಕಾರ್ಖಾನೆಗಳ ಊರು. 1979ರಲ್ಲಿ ಅಲ್ಲಿ ಜೆರ್ರಿ ಡ್ಯಾಮರ್ಸ್ ಎಂಬ ಹುಡುಗ ಟೂ ಟೋನ್ ಎಂಬ ರೆಕಾರ್ಡ್ ಕಂಪನಿ ಶುರು ಮಾಡಿದ. ಅವನು ಹುಟ್ಟಿದ್ದು 1955ರಲ್ಲಿ, ನಮ್ಮ ಗುಂಡ್ಲುಪೇಟೆ ದಾಟಿ ಘಟ್ಟ ಹತ್ತಿದರೆ ಸಿಗುವ ಊಟಿಯಲ್ಲಿ. ಅವನ ತಂದೆ ಪಾದ್ರಿಯಾಗಿದ್ದರು. ಅವನು ಊಟಿಯವನೆಂದು ಓದಿ ಅಕ್ಕನ ಮಗಳು ಚಪ್ಪಾಳೆ ತಟ್ಟಿದಳು. ಅವನ ತಂಡ ದಿ ಸ್ಪೆಷಲ್ಸ್. ಅದೇ ಕಂಪನಿಯ ಇನ್ನೊಂದು ತಂಡ ದಿ ಸೆಲೆಕ್ಟರ್, ಅದರ ಗಾಯಕಿ ಪಾಲಿನ್ ಬ್ಲ್ಯಾಕ್. ಎರಡರಲ್ಲೂ ಕಪ್ಪು ಜನ, ಬಿಳಿ ಜನ ಒಟ್ಟಿಗೆ ನಿಂತು ನುಡಿಸುತ್ತಿದ್ದರು. ಜಮೈಕಾದಿಂದ ಕೂಲಿಗೆ ಬಂದವರ ಮಕ್ಕಳೂ ಅಲ್ಲಿಯೇ ಹುಟ್ಟಿದ ಕಾರ್ಮಿಕರ ಮಕ್ಕಳೂ ಸೇರಿ, ಅರವತ್ತರ ದಶಕದ ಸ್ಕಾ ಲಯಕ್ಕೆ ಪಂಕ್‌ನ ವೇಗ ಕೊಟ್ಟರು. ಹಾಕಿಕೊಂಡದ್ದು ಹಳೆಯ ಮಾಡ್‌ಗಳ ಸೂಟು, ಜಮೈಕಾದ ರೂಡ್ ಬಾಯ್‌ಗಳ ಚಿಕ್ಕ ಅಂಚಿನ ಟೋಪಿ. ವಲಸಿಗರನ್ನು ಓಡಿಸಬೇಕೆನ್ನುವ ನ್ಯಾಷನಲ್ ಫ್ರಂಟ್ ಬೀದಿಗಿಳಿದಿದ್ದ ಕಾಲ ಅದು. ಅದರ ಕಡೆಯವರು ಸಂಗೀತ ಕಚೇರಿಗಳಿಗೇ ನುಗ್ಗಿ ಗಲಾಟೆ ಮಾಡುತ್ತಿದ್ದರು. ವೇದಿಕೆಯ ಮೇಲೆ ಎರಡು ಬಣ್ಣದ ಜನ ನಿಂತರೆ ಸಾಕಿತ್ತು, ಹೇಳಬೇಕಾದದ್ದನ್ನು ಹೇಳಿದಂತಾಗುತ್ತಿತ್ತು.

ಅದನ್ನೇ ಡ್ಯಾಮರ್ಸ್ ಕಾಗದದ ಮೇಲೂ ಹೇಳಿದ. ಕಪ್ಪು ಬಿಳಿ ಚೌಕಳಿ, ಅದರ ಪಕ್ಕ ಕಪ್ಪು ಸೂಟು, ಬಿಳಿ ಅಂಗಿ, ಕಪ್ಪು ಟೈ, ಬಿಳಿ ಕಾಲುಚೀಲ ತೊಟ್ಟು ಓರೆಯಾಗಿ ನಿಂತ ಒಬ್ಬ ಮನುಷ್ಯನ ರೇಖಾಚಿತ್ರ. ಜಮೈಕಾದ ಗಾಯಕ ಪೀಟರ್ ಟಾಶ್‌ನ ಹಳೆಯ ಫೋಟೊ ನೋಡಿ ಬಿಡಿಸಿದ್ದು. ಅದಕ್ಕೆ ಬಣ್ಣ ಬೇಕಿಲ್ಲ, ನುಣುಪು ಕಾಗದ ಬೇಕಿಲ್ಲ. ಗೋಡೆಯ ಪೋಸ್ಟರಿಗೂ ಬ್ಯಾಡ್ಜಿಗೂ ಜೆರಾಕ್ಸ್ ಹಾಳೆಗೂ ಅದು ಹಾಗೆಯೇ ಇಳಿಯುತ್ತದೆ. ಪುಟ ಕಟ್ಟುವವನಾಗಿ ನಾನು ಈ ಚಿತ್ರದ ಮುಂದೆ ಬಹಳ ಹೊತ್ತು ಕೂತಿದ್ದೆ. ಅಗ್ಗದ ಮುದ್ರಣಕ್ಕೆ ಒಗ್ಗಬೇಕೆಂಬ ಲೆಕ್ಕ, ಹೇಳಬೇಕಾದ ಮಾತು, ಕೇಳಿಸಬೇಕಾದ ಹಾಡು ಮೂರೂ ಒಂದೇ ರೇಖೆಯಲ್ಲಿ ಕೂಡಿಬಂದದ್ದನ್ನು ನಾನು ಕಂಡದ್ದು ಕಡಿಮೆ.

"ಇದಕ್ಕೆ ನಾಲ್ಕು ಬಣ್ಣ ಯಾಕೆ? ಒಂದೇ ಮಸಿ ಸಾಕು" ಎಂದೆ. "ಕಪ್ಪು ನಾವು ಹಾಕೋದು, ಬಿಳಿ ಕಾಗದದ್ದು."

"ಹಾಗಾದ್ರೆ ನ್ಯೂಸ್‌ಪ್ರಿಂಟೇ ಆಗ್ಲಿ" ಎಂದವಳು ಅವಳು. ಆ ಮಾತು ಅವಳ ಬಾಯಿಂದಲೇ ಬಂದದ್ದು ನನಗೆ ಸಂತೋಷ.

ನ್ಯೂಸ್‌ಪ್ರಿಂಟ್ ಅಂದರೆ ದಿನಪತ್ರಿಕೆಯ ಕಾಗದ, ಬಹಳ ಪ್ರಾಮಾಣಿಕವಾದದ್ದು. ಆರ್ಟ್ ಪೇಪರಿಗೆ ಮೇಲೆ ಸುಣ್ಣಮಣ್ಣಿನ ಲೇಪ ಇರುತ್ತದೆ, ಮಸಿ ಆ ಲೇಪದ ಮೇಲೇ ನಿಂತು ಒಣಗುತ್ತದೆ. ನ್ಯೂಸ್‌ಪ್ರಿಂಟಿಗೆ ಲೇಪವಿಲ್ಲ. ಮಸಿ ಬಿಳಿ ಪಂಚೆಯ ಮೇಲೆ ಬಿದ್ದ ಕಾಫಿಯಂತೆ ನಾರಿನೊಳಗೆ ಇಳಿದು ಸುತ್ತ ಹರಡುತ್ತದೆ. ಅದಕ್ಕೇ ಫೋಟೊದ ಚುಕ್ಕಿಗಳನ್ನು ದಪ್ಪ ಇಡಬೇಕು. ಆರ್ಟ್ ಪೇಪರಿನಲ್ಲಿ ಅಂಗುಲಕ್ಕೆ 150 ಸಾಲು ಚುಕ್ಕಿ ನಡೆದರೆ ಇಲ್ಲಿ 85ಕ್ಕೆ ನಿಲ್ಲಿಸಬೇಕು. ಹಾಗೆ ನಿಲ್ಲಿಸಿದಾಗ ಬೆವರುವ ಗಾಯಕನ ಮುಖ ಹತ್ತಿರದಿಂದ ಬರೀ ಚುಕ್ಕಿ, ಕೈಯಳತೆ ದೂರಕ್ಕೆ ಹಿಡಿದರೆ ಜೀವಂತ ಮುಖ. ಬ್ರಿಟನ್ನಿನ ಸಂಗೀತ ವಾರಪತ್ರಿಕೆಗಳು, 1952ರಲ್ಲಿ ಶುರುವಾದ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ಸೂ ಸೇರಿ, ದಶಕಗಳ ಕಾಲ ಇಂಥದ್ದೇ ಕಾಗದದ ಮೇಲೆ ಬಂದವು. ಓದಿದವರ ಬೆರಳಿಗೆ ಮಸಿ ಅಂಟುತ್ತಿತ್ತು. ನಮ್ಮಲ್ಲೂ ಶಿವಮೊಗ್ಗ ಸೀಮೆಯ ಕೊನಗವಳ್ಳಿಯಲ್ಲಿ ಹುಟ್ಟಿದ ಪಿ. ಲಂಕೇಶ್ 1980ರಲ್ಲಿ ಜಾಹೀರಾತಿನ ಹಂಗಿಲ್ಲದೆ ತಮ್ಮ ಪತ್ರಿಕೆ ತಂದಾಗ ಅದು ನಿಂತದ್ದು ಈ ಕಾಗದದ ಮೇಲೆಯೇ. ಅದೇ ವರ್ಷ ಲಂಡನ್ನಿನಲ್ಲಿ ನಿಕ್ ಲೋಗನ್ ತನ್ನ ಉಳಿತಾಯದ ಹಣ ಸುರಿದು ದಿ ಫೇಸ್ ಎಂಬ ಪತ್ರಿಕೆ ಹೊರಡಿಸಿದ. ಮೊದಲ ಸಂಚಿಕೆಯ ಮುಖಪುಟದಲ್ಲಿ ಇದ್ದವನು ಇದೇ ಊಟಿಯ ಡ್ಯಾಮರ್ಸ್. ಆ ಪತ್ರಿಕೆ ಮುಂದೆ ನೆವಿಲ್ ಬ್ರೋಡಿಯ ಅಕ್ಷರವಿನ್ಯಾಸದಿಂದ ಜಗತ್ತಿಗೇ ಮಾದರಿಯಾಯಿತು. ನನ್ನ ಒಲವು ಮಾತ್ರ ಅದಕ್ಕೂ ಮೊದಲು, 1978ರಲ್ಲಿ, ಅದೇ ಲೋಗನ್ ಶುರು ಮಾಡಿದ ಸ್ಮ್ಯಾಶ್ ಹಿಟ್ಸ್ ಕಡೆಗೆ. ಜನ ಗುನುಗುವ ಹಾಡುಗಳ ಪೂರ್ತಿ ಸಾಹಿತ್ಯವನ್ನು ಅದು ಅಚ್ಚು ಹಾಕುತ್ತಿತ್ತು. ನಮ್ಮ ಟಾಕೀಸುಗಳ ಮುಂದೆ ಚಿಲ್ಲರೆ ಕಾಸಿಗೆ ಸಿಗುತ್ತಿದ್ದ, ಅಂಗೈಯಗಲದ ಚಿತ್ರಗೀತೆ ಪುಸ್ತಕಗಳು ಮಾಡುತ್ತಿದ್ದ ಕೆಲಸ ಅದು. ನನ್ನ ಮಟ್ಟಿಗೆ ಕನ್ನಡದ ಮೊದಲ ಸಂಗೀತ ಪತ್ರಿಕೆಗಳು ಆ ಪುಸ್ತಕಗಳೇ. ತೆಳು ಕಾಗದ, ಒಂದು ಮಸಿ, ಚಿತ್ರದ ಒಂದು ಬ್ಲಾಕು, ಕೆಳಗೆ ಹಾಡು.

ಪತ್ರಿಕೆಗೆ ಚೌಕಳಿ ಎಂದೇ ಹೆಸರಿಟ್ಟಳು. ಕ್ರೌನ್ 1/4 ಆಕಾರ, 16 ಪುಟದ ಒಂದೇ ಫಾರಂ. ಕನ್ನಡದಲ್ಲೇ ಮಾಡುತ್ತೇನೆ ಎಂದು ಹಟ ಹಿಡಿದಳು, ಆ ಹಟ ನನಗೂ ಬೇಕಾಗಿತ್ತು. ಮೂರು ಅಕ್ಷರಕ್ಕೆ ಮೂರು ಚೌಕ. ಕಪ್ಪು ಚೌಕದಲ್ಲಿ ಬಿಳಿಯ ಚೌ, ಬಿಳಿ ಚೌಕದಲ್ಲಿ ಕಪ್ಪು ಕ, ಮತ್ತೆ ಕಪ್ಪಿನಲ್ಲಿ ಬಿಳಿಯ ಳಿ. ಪರದೆಯ ಮೇಲೆ ಸೊಗಸಾಗಿತ್ತು. ಶಿವಮೊಗ್ಗದ ಪರಿಚಯದ ಪ್ರೆಸ್ಸಿನಲ್ಲಿ ನ್ಯೂಸ್‌ಪ್ರಿಂಟಿನ ಮೇಲೆ ಒಂದು ಪ್ರೂಫ್ ತೆಗೆಸಿದೆವು. ಕಪ್ಪು ಚೌಕಗಳು ಮೂಲೆಯಲ್ಲಿ ಒಂದನ್ನೊಂದು ಮುಟ್ಟುವ ಕಡೆಯೆಲ್ಲ ಮಸಿ ಹರಡಿ ಸಣ್ಣ ಸೇತುವೆ ಕಟ್ಟಿಕೊಂಡಿತ್ತು. ಬಿಳಿ ಚೌಕಗಳ ಮೂಲೆ ಮೊಂಡಾಗಿ, ಇಡೀ ಚೌಕಳಿ ಕಪ್ಪು ಬಲೆಯೊಂದರಲ್ಲಿ ಸಿಕ್ಕಿಕೊಂಡಿತ್ತು. ಮದ್ದು ನನಗೆ ಗೊತ್ತಿತ್ತು. ಪ್ರತಿ ಕಪ್ಪು ಚೌಕದ ನಾಲ್ಕೂ ಮೂಲೆಯನ್ನು ಕೂದಲೆಳೆಯಷ್ಟು ಕೊಯ್ದು ಒಳಗೆ ಸರಿಸಬೇಕು, ಪರದೆಯ ಮೇಲೆ ಚೌಕಗಳು ಒಂದನ್ನೊಂದು ಮುಟ್ಟಲೇಬಾರದು. ಅಚ್ಚಾಗುವಾಗ ಮಸಿ ತಾನಾಗಿ ಹರಡಿ ಆ ಸಂದನ್ನು ತುಂಬಿ, ಮೂಲೆ ಮೂಲೆಗೆ ಸರಿಯಾಗಿ ಕೂಡಿಕೊಳ್ಳುತ್ತದೆ. ಎರಡನೆಯ ಪ್ರೂಫ್ ಬಂದಾಗ ಅವಳು ಕಣ್ಣಿಗೆ ಭೂತಗನ್ನಡಿ ಹಿಡಿದು ಮೂಲೆಗಳನ್ನೇ ನೋಡುತ್ತ ನಿಂತುಬಿಟ್ಟಳು. ಕಪ್ಪು ದೊಡ್ಡದಾಗಿ ಬಿದ್ದ ಕಡೆ ಹಾಳೆಯ ಬೆನ್ನಿಗೂ ಅದರ ನೆರಳು ಕಾಣುತ್ತದಲ್ಲ, ಹಾಗಾಗಿ ಒಂದು ಪುಟದ ಕಪ್ಪು ಚೌಕದ ಬೆನ್ನಿಗೆ ಇನ್ನೊಂದು ಪುಟದ ಕಪ್ಪು ಚೌಕವೇ ಬರುವಂತೆ ಜೋಡಿಸಿದೆವು. ಇದಕ್ಕೆ ಒಂದು ಪೂರ್ತಿ ಮಧ್ಯಾಹ್ನ ಹಿಡಿಯಿತು.

ಕನ್ನಡದ ಅಕ್ಷರಗಳು ಇಲ್ಲಿ ತಮ್ಮದೇ ಪರೀಕ್ಷೆ ಒಡ್ಡುತ್ತವೆ. ದಪ್ಪ ಅಕ್ಷರದಲ್ಲಿ ಹೊಟ್ಟೆ ಸೀಳಿದ ಧ, ಭ, ಢ ಬಂದರೆ ಆ ಸೀಳು ಮಸಿಯಲ್ಲಿ ಮುಚ್ಚಿ ಮಹಾಪ್ರಾಣವೇ ಹೋಗುತ್ತದೆ. ಥ, ಠಗಳ ಒಳಗಿನ ಚುಕ್ಕಿ ಕರಗಿ ಉಂಡೆಯಾಗುತ್ತದೆ. ಕಪ್ಪಿನ ಮೇಲೆ ಬಿಳಿಯಾಗಿ ಬಿಡಿಸಿದರೆ ಇನ್ನೂ ಕಷ್ಟ, ಸುತ್ತಲಿನ ಮಸಿ ಎಲ್ಲ ಕಡೆಯಿಂದಲೂ ಅಕ್ಷರವನ್ನು ತಿನ್ನುತ್ತದೆ. ಆದ್ದರಿಂದ ತಲೆಬರಹದ ಅಕ್ಷರಗಳನ್ನೆಲ್ಲ ಕೈಯಲ್ಲೇ ಬರೆಯಲು ಹೇಳಿದೆ, ಸೀಳುಗಳನ್ನು ಬೇಕಾದುದಕ್ಕಿಂತ ಅಗಲವಾಗಿ. ಸ್ಕಾ ಎಂದು ಬರೆಯುವಲ್ಲಿ ಅವಳು ಮಾಡಿದ ಒಂದು ಕೆಲಸ ನನ್ನನ್ನು ಬೆರಗುಗೊಳಿಸಿತು. ಸಾ ಮೇಲಿನ ಕಪ್ಪು ಚೌಕದಲ್ಲಿದೆ, ಬಿಳಿಯಾಗಿ. ಅದರ ಕ ಒತ್ತು ಕೆಳಗಿಳಿದು ಕೆಳಸಾಲಿನ ಬಿಳಿ ಚೌಕಕ್ಕೆ ಬೀಳುತ್ತದೆ, ಅಲ್ಲಿ ಅದು ಕಪ್ಪಾಗಿದೆ. ಒಂದೇ ಅಕ್ಷರದಲ್ಲಿ ಎರಡು ಬಣ್ಣ. ಇಂಗ್ಲಿಷಿನ ಲಿಪಿಯಲ್ಲಿ ಇದು ಸಾಧ್ಯವೇ ಇಲ್ಲ, ಅದಕ್ಕೆ ಒತ್ತೇ ಇಲ್ಲವಲ್ಲ. ಕಾವೆಂಟ್ರಿಯ ಚೌಕಳಿ ನಮ್ಮ ಒತ್ತಕ್ಷರಕ್ಕಾಗಿ ಕಾದಿತ್ತೇನೋ ಎನ್ನಿಸಿತು ನನಗೆ.

ನಡುಪುಟಕ್ಕೆ ಏನು ಎನ್ನುವಾಗ ಚರ್ಚೆ ಬೆಳೆಯಲಿಲ್ಲ. 1981ರಲ್ಲಿ ಸ್ಪೆಷಲ್ಸ್ ತಂಡ ಘೋಸ್ಟ್ ಟೌನ್ ಎಂಬ ಹಾಡು ಹೊರತಂದಿತು. ಕೆಲಸವಿಲ್ಲದ ಹುಡುಗರು, ಬಾಗಿಲು ಹಾಕುತ್ತಿರುವ ಕ್ಲಬ್ಬುಗಳು, ಖಾಲಿಯಾಗುತ್ತಿರುವ ಊರು. ಆ ಬೇಸಿಗೆಯಲ್ಲಿ ಬ್ರಿಟನ್ನಿನ ನಗರಗಳಲ್ಲಿ ದಂಗೆಗಳು ಎದ್ದಾಗ ಇದೇ ಹಾಡು ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಕಾವೆಂಟ್ರಿಯ ಕಾರ್ಖಾನೆಗಳು ಒಂದೊಂದಾಗಿ ಮುಗ್ಗರಿಸುತ್ತಿದ್ದ ಆ 1981ರಲ್ಲೇ ಇಲ್ಲಿ ಕಾಗದನಗರದಲ್ಲಿ ನ್ಯೂಸ್‌ಪ್ರಿಂಟ್ ತಯಾರಿಕೆ ಶುರುವಾಯಿತು. 1936ರಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಸ್ಥಾಪನೆಯಾಗಿ, 1977ರಲ್ಲಿ ಸರ್ಕಾರಿ ಕಂಪನಿಯಾದ ಮಿಲ್ಲಿಗೆ ಅದು ಹೊಸ ಹರೆಯ. ವರ್ಷಕ್ಕೆ 75,000 ಟನ್ ನ್ಯೂಸ್‌ಪ್ರಿಂಟ್ ಮಾಡುವ ಸಾಮರ್ಥ್ಯ. ಬಿದಿರು, ನೀಲಗಿರಿ ಹೊತ್ತ ಲಾರಿಗಳ ಸಾಲು, ಕಬ್ಬಿನ ಸಿಪ್ಪೆಯ ಗುಡ್ಡ, ಊರ ಮೇಲೆಲ್ಲ ಬೇಯುವ ತಿರುಳಿನ ವಾಸನೆ. ಕನ್ನಡದ ಪತ್ರಿಕೆಗಳು ನಮ್ಮೂರ ಕಾಗದದ ಮೇಲೆ ಅಚ್ಚಾಗಿ ಬೆಳಗ್ಗೆ ನಮ್ಮೂರಿಗೇ ವಾಪಸು ಬರುತ್ತಿದ್ದವು, ಅವನ್ನು ಅಪ್ಪ ಹರಿದು ನೋಡುತ್ತಿದ್ದರು. 2015ರಲ್ಲಿ ಮಿಲ್ಲು ನಿಂತಿತು. ಕ್ವಾರ್ಟರ್ಸುಗಳ ಮಧ್ಯೆ ಈಗ ನಡೆದರೆ ಬೀಗ ಬಿದ್ದ ಮನೆಗಳು, ಹೆಂಚು ಜಾರಿದ ಮಾಡುಗಳು, ಬಾಗಿಲ ತನಕ ಬೆಳೆದ ಪೊದೆ. ಆ ಹಾಡು ನನಗೆ ಭಾಷಾಂತರ ಬೇಡದೆಯೇ ಅರ್ಥವಾಗುವುದು ಇದಕ್ಕೆ. ನಡುಪುಟದ ಎಡಕ್ಕೆ ಕಾವೆಂಟ್ರಿಯ ವಿಷಯ, ಬಲಕ್ಕೆ ಪೇಪರ್ ಟೌನಿನ ಫೋಟೊ ಇಟ್ಟೆವು. ಫೋಟೊ ಅವಳೇ ತೆಗೆದದ್ದು. ಕೆಳಗೆ ವಿವರಣೆ ಹಾಕಲಿಲ್ಲ, ಊರ ಹೆಸರು ಮತ್ತು ಇಸವಿ ಮಾತ್ರ.

ಊರು ಖಾಲಿಯಾಯಿತು ಎನ್ನುವಲ್ಲಿಗೆ ಪತ್ರಿಕೆಯನ್ನು ನಿಲ್ಲಿಸಲು ಇಬ್ಬರಿಗೂ ಮನಸ್ಸಿಲ್ಲ. ಎರಡನೆಯ ಸಂಚಿಕೆ ಭದ್ರಾವತಿಯ ಆರ್ಕೆಸ್ಟ್ರಾಗಳ ಬಗ್ಗೆ ಆಗಬೇಕು. ಕಾಲೇಜು ಒಂದೇ ಸಂಚಿಕೆ ಕೇಳಿರುವುದು, ಇದು ನಮ್ಮದೇ ಉಮೇದು. ಆ ಆರ್ಕೆಸ್ಟ್ರಾಗಳ ಕಾಲದಲ್ಲಿ ಗಣಪತಿ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಬೀದಿಗೊಂದು ವೇದಿಕೆ ಕಟ್ಟುತ್ತಿದ್ದರು. ಊರಿನ ಇನ್ನೊಂದು ಕಾರ್ಖಾನೆಯಾದ ಐರನ್ ವರ್ಕ್ಸಿನಲ್ಲೋ ಪೇಪರ್ ಮಿಲ್ಲಿನಲ್ಲೋ ಫಸ್ಟ್ ಶಿಫ್ಟ್ ಮುಗಿಸಿ ಬಂದವರು ರಾತ್ರಿ ಲೀಡ್ ಗಿಟಾರ್ ಹಿಡಿಯುತ್ತಿದ್ದರು, ಕಾಂಗೊ ಬಾರಿಸುತ್ತಿದ್ದರು. ಎರಡು ಕಾರ್ಖಾನೆಗಳಿಗೆ ಎಲ್ಲೆಲ್ಲಿಂದಲೋ ಬಂದು ನೆಲೆಸಿದವರ ಊರಾದ್ದರಿಂದ ತಂಡದಲ್ಲಿ ತಮಿಳು ಮಾತಾಡುವವರು, ಉರ್ದು ಮಾತಾಡುವವರು, ತೆಲುಗಿನವರು, ಮಲೆಯಾಳದವರು ಎಲ್ಲ ಇರುತ್ತಿದ್ದರು. ಹಾಡುತ್ತಿದ್ದದ್ದು ರಾಜನ್-ನಾಗೇಂದ್ರರ ಕನ್ನಡ ಹಾಡು. ಎಲ್ಲರಿಗೂ ಒಂದೇ ಬಟ್ಟೆಯಲ್ಲಿ ಹೊಲಿಸಿದ ಅಂಗಿ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು. ಬೂಟಿಗೆ ಪಾಲಿಶು. ನಮ್ಮ ಬೀದಿಯಲ್ಲಿ ಡ್ರಮ್ ಬಾರಿಸುತ್ತಿದ್ದ ಒಬ್ಬರು ವೇದಿಕೆ ಹತ್ತುವ ಮೊದಲು ಉಗುರಿನ ಸಂದಿಯ ಗ್ರೀಸನ್ನು ಬೆಂಕಿಕಡ್ಡಿಯಿಂದ ತೆಗೆಯುತ್ತ ಕೂತಿರುತ್ತಿದ್ದರು. ಆಗ ಅವರನ್ನು ಮಾತಾಡಿಸುವಂತಿರಲಿಲ್ಲ. ಮಾಡ್ ಹುಡುಗರ ವಿಷಯ ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಅವರೇ.

ಆ ಕಾರ್ಯಕ್ರಮಗಳಿಗೆ ಪಾಂಪ್ಲೆಟ್ ಹಾಕಿಸುತ್ತಿದ್ದರು. ಗುಲಾಬಿ ಅಥವಾ ಹಳದಿ ತೆಳು ಕಾಗದ, ಟ್ರೆಡಲ್ ಮಶೀನಿನಲ್ಲಿ ಹೊಡೆದ ಒಂದೇ ಮಸಿ, ಮೊಳೆಯಕ್ಷರ, ಮೇಲೆ ಗಾಯಕನ ಚುಕ್ಕಿ ಚುಕ್ಕಿ ಬ್ಲಾಕು. ಭದ್ರಾವತಿ, ಶಿವಮೊಗ್ಗ ಕಡೆಯವರ ಮನೆಯ ಟ್ರಂಕಿನಲ್ಲೋ ಹಳೆಯ ಪುಸ್ತಕದ ನಡುವೆಯೋ ಅಂಥದ್ದೊಂದು ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಲ್ಯಾಮಿನೇಷನ್ ಕೂಡ ಮಾಡಿಸಬೇಡಿ, ಆ ಬಿಸಿಯನ್ನು ಹಳೆಯ ಕಾಗದ ತಾಳುವುದಿಲ್ಲ. ನಾನು ಸ್ಕ್ಯಾನರ್ ಹೊತ್ತು ನಿಮ್ಮ ಮನೆಗೇ ಬಂದು, ನಿಮ್ಮ ಕಣ್ಣೆದುರೇ ಪ್ರತಿ ತೆಗೆದುಕೊಂಡು ಹಾಳೆಯನ್ನು ಅಲ್ಲೇ ವಾಪಸು ಕೊಡುತ್ತೇನೆ. ವೇದಿಕೆಯ ಫೋಟೊಗಳಿದ್ದರೆ ಹಿಂಬದಿಯಲ್ಲಿ ಇಸವಿ, ಬೀದಿ, ಯಾರು ಯಾವ ವಾದ್ಯ ಎಂದು ಪೆನ್ಸಿಲಿನಲ್ಲಿ ಬರೆದಿಡಿ. ಗಾಯಕರ ಹೆಸರು ಪಾಂಪ್ಲೆಟ್ಟಿನಲ್ಲೇ ಸಿಗುತ್ತದೆ. ನಮಗೆ ಬೇಕಾಗಿರುವುದು ಬೇಸ್ ಗಿಟಾರಿನವರ, ಕಾಂಗೊದವರ, ಡ್ರಮ್ಮಿನ ಹಿಂದೆ ಕೂತವರ ಹೆಸರುಗಳು.